ಕಪ್ಪು ಮೀನಿನ ಕೆಲಸ

ನಮ್ಮ ಮನೆಯಲ್ಲಿ ವಾರಕ್ಕೆ ನಾಲ್ಕು ದಿನವಾದರೂ ಮೀನು ಬೇಕು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈಗ ದಹಿಸರಿನ ನಮ್ಮ ಬಿಲ್ಡಿಂಗಿನಲ್ಲಿ ಯಾರ ಫಿಶ್ ಟ್ಯಾಂಕಿನಲ್ಲಿ ಮೀನು ಮಗುಚಿಕೊಂಡರೂ ಅದನ್ನು ಡಬ್ಬಿಗೆ ಹಾಕಿಕೊಂಡು ನನ್ನ ಬಾಗಿಲಿಗೆ ಬರುತ್ತಾರೆ. ಒಳಗೆ ಮೀನಿನ ಸಾರು ಕುದಿಯುತ್ತಿರುತ್ತದೆ. ಬಂದವರು ಒಮ್ಮೆ ಡಬ್ಬಿ ನೋಡುತ್ತಾರೆ, ಒಮ್ಮೆ ನನ್ನ ಮುಖ ನೋಡುತ್ತಾರೆ. ನನಗೆ ಇದರಲ್ಲಿ ತೊಡಕೇನೂ ಕಂಡಿಲ್ಲ.

ಇದೆಲ್ಲ ಶುರುವಾದದ್ದು ಎದುರು ಮನೆಯವಳಿಂದ. ವಿಜಾಪುರದ ಕಡೆಯವಳು. ಗಂಡ ಕಾಂದಿವಲಿಯಲ್ಲಿ ಟೈಲ್ಸ್ ಕೂರಿಸುವ ಕಂತ್ರಾಟು ಹಿಡಿಯುತ್ತಾನೆ. ಅವರು ಮೊಟ್ಟೆಯನ್ನೂ ಮುಟ್ಟುವವರಲ್ಲ. ನಾನು ಒಣಮೀನು ಸುಟ್ಟ ದಿನ ಅವಳು ಬಾಗಿಲಿನ ಸಂದಿಗೆ ಹಳೆ ಸೀರೆ ತುರುಕುತ್ತಿದ್ದಳು. ನನ್ನ ಮನೆಮಾತು ತುಳು. ಆದ್ದರಿಂದ ನಮ್ಮಿಬ್ಬರ ಮಾತೂ ಜಗಳವೂ ಕನ್ನಡದಲ್ಲೇ ಆಗಬೇಕು.

ಅಂಥವಳ ಮನೆಗೆ ಮೀನು ಬಂತು. ಗಂಡನಿಗೆ ಎದೆನೋವು ಬಂದು, ಬೈಪಾಸ್ ಆಗಬೇಕೆಂದು ಡಾಕ್ಟರು ಹೇಳಿದ್ದರು. ವಾಸ್ತು ನೋಡುವವನೊಬ್ಬ ಬಂದು ಬಾಗಿಲ ಪಕ್ಕ ಟ್ಯಾಂಕ್ ಇಡಿಸಿದ. ಎಂಟು ಚಿನ್ನದ ಬಣ್ಣದವು, ಒಂದು ಕಪ್ಪು. ಚಿನ್ನದವು ಮನೆಗೆ ಒಳ್ಳೆಯದನ್ನು ತರುತ್ತವಂತೆ. ಮನೆಯವರ ಮೇಲೆ ಬರುವ ಕೇಡನ್ನು ಕಪ್ಪು ತನ್ನ ಮೈಮೇಲೆ ಎಳೆದುಕೊಳ್ಳುತ್ತದಂತೆ. ಅದು ಸತ್ತರೆ ಮನೆಯ ಕಂಟಕ ಹೋಯಿತೆಂದು ತಿಳಿಯಬೇಕು. ಸಾಯುವುದೇ ಅದರ ಕೆಲಸ.

ಟ್ಯಾಂಕ್ ಚಿಕ್ಕದು. ನೀರು ಬದಲಿಸುವವರಿಲ್ಲ. ಮೀನಿನ ನೀರಿಗೆ ಕೈ ತಾಗಿದರೆ ಅವಳಿಗೆ ಮತ್ತೆ ಸ್ನಾನ ಆಗಬೇಕಿತ್ತು. ಹೀಗಾಗಿ ಚಿನ್ನದವು ಒಂದರ ಹಿಂದೆ ಒಂದು ಸತ್ತವು. ಸತ್ತದ್ದನ್ನು ತೆಗೆಯಲು ನನ್ನನ್ನು ಕರೆಯುತ್ತಿದ್ದಳು. ಕೊನೆಯದನ್ನು ಹಳೆ ಸೌಟಿನಲ್ಲಿ ಎತ್ತುವಾಗ ನೋಡಿದೆ, ಸಾಯಬೇಕಾದ ಕಪ್ಪು ಇನ್ನೂ ಇತ್ತು. ಅಂಗೈಯಷ್ಟೂ ಇಲ್ಲ, ಕಣ್ಣು ಮಾತ್ರ ಎರಡೂ ಕಡೆ ಗೋಲಿಯ ಹಾಗೆ ಹೊರಗೆ ಉಬ್ಬಿದ್ದವು. ತಳದಲ್ಲಿ ಓರೆಯಾಗಿ ಬಿದ್ದಿತ್ತು. ಮೈಮೇಲೆ ಹತ್ತಿಯಂಥ ಬಿಳಿ ಬೂಸ್ಟು.

"ನೀರಾದ್ರೂ ಬದಲಿಸು ಮಾರಾಯ್ತಿ. ನಾರ್ತಾ ಉಂಟು."

"ಬ್ಯಾಡ್ರೀ ಅಕ್ಕಾರ. ಅದು ಅವರ ಜಡ್ಡು ತಗೋಳಾಕತ್ತೈತಿ. ನಡುವ ಕೈ ಹಾಕಬಾರದಂತ."

"ಜಡ್ಡೂ ಇಲ್ಲ ಗಿಡ್ಡೂ ಇಲ್ಲ. ಅದರ ಹೇಲನ್ನು ಅದೇ ಕುಡೀತಾ ಉಂಟು."

"ನಿಮ್ಮ ಮನಿಗೆ ಬಂದ ಮೀನೆಲ್ಲಾ ಎಣ್ಣ್ಯಾಗ ಬೀಳತಾವ. ಇದೊಂದರ ಮ್ಯಾಲೆ ಯಾಕ್ರೀ ಇಷ್ಟು ಕಳಕಳಿ?"

"ನನ್ನದು ಸತ್ತ ಮೇಲೆ ಎಣ್ಣೆಗೆ ಬೀಳೂದು. ನಿನ್ನದು ಮಳೆಗಾಲದಿಂದ ಸಾಯ್ತಾನೇ ಉಂಟು."

ಅವಳ ತಲೆಯಲ್ಲಿ ಇದ್ದದ್ದು ಮೀನಲ್ಲ, ಗಂಡ. ಅದು ನನಗೂ ಗೊತ್ತಿತ್ತು.

ಕೆಲವು ದಿನಗಳಲ್ಲಿ ಗಂಡನನ್ನು ವಿಲೆ ಪಾರ್ಲೆಯ ಕಡೆ ಒಂದು ಆಸ್ಪತ್ರೆಗೆ ಸೇರಿಸಿದರು. ಅವಳೂ ಅಲ್ಲೇ ಉಳಿದಳು. ಹೋಗುವಾಗ ಬೀಗದ ಎರಡು ಕೈಗಳಲ್ಲಿ ಒಂದನ್ನು ನನ್ನಲ್ಲಿ ಕೊಟ್ಟು, ತುಳಸಿಗೆ ನೀರು ಹಾಕಿ, ಮೀನಿಗೆ ಒಂದು ಚಿಟಿಕೆ ಕಾಳು ಹಾಕಿ, ಮತ್ತೇನೂ ಮಾಡಬೇಡಿ ಎಂದಳು. ಮೊದಲ ದಿನ ಹಾಗೇ ಮಾಡಿದೆ. ಮರುದಿನ ಚಹಾ ಸೋಸುವ ದೊಡ್ಡ ಜರಡಿ ತೆಗೆದುಕೊಂಡು ಹೋಗಿ ಮೀನನ್ನು ನನ್ನ ಮನೆಗೆ ತಂದು ಒಂದು ಬಕೆಟ್ಟಿಗೆ ಬಿಟ್ಟೆ. ಕೇಳಿ ತರಲಿಲ್ಲ. ಕೇಳಿದ್ದರೆ ಕೊಡುತ್ತಿರಲಿಲ್ಲ.

ಮಾರ್ಕೆಟ್ಟಿನಲ್ಲಿ ನಾನು ಕಿವಿರು ಎತ್ತಿ ನೋಡದೆ ಮೀನು ಕೊಳ್ಳುವುದಿಲ್ಲ. ಕೆಂಪಿದ್ದರೆ ತಾಜಾ, ಬಿಳಚಿಕೊಂಡಿದ್ದರೆ ಹಳತು. ಇದರದ್ದು ಉಸಿರಾಡುವಾಗ ಕಾಣುತ್ತಿತ್ತು, ಜೀವ ಇರುವಾಗಲೇ ಬಿಳಚಿಕೊಂಡಿತ್ತು. ಮಾರ್ಕೆಟ್ಟಿನಲ್ಲಾಗಿದ್ದರೆ ಬಿಟ್ಟು ಮುಂದೆ ಹೋಗುತ್ತಿದ್ದೆ.

ನಲ್ಲಿಯ ನೀರಿಗೆ ಔಷಧಿಯ ವಾಸನೆ ಇರುತ್ತದೆ. ಅದನ್ನು ಒಂದು ದಿನ ಹಾಗೇ ತೆರೆದಿಟ್ಟು, ಆಮೇಲೆ ಮೀನಿನ ಬಕೆಟ್ಟಿಗೆ ಹಾಕಬೇಕು. ಇದು ಕಾಲೇಜಿಗೆ ಹೋಗುವ ಮೊಮ್ಮಗಳು ಫೋನಿನಲ್ಲಿ ಓದಿ ಹೇಳಿದ್ದು. ಅದಕ್ಕೆ ಕಲ್ಲುಪ್ಪು ಹಾಕಬೇಕೆಂದೂ ಅವಳೇ ಹೇಳಿದಳು. ನನಗೆ ನಂಬಿಕೆ ಬರಲಿಲ್ಲ. ಎರಡು ಸಲ ಓದಿಸಿದೆ. ಐವತ್ತು ವರ್ಷ ನಾನು ಮೀನಿಗೆ ಉಪ್ಪು ಹಾಕಿದ್ದು ಅದು ಕೆಡದಿರಲಿ ಎಂದು, ಬದುಕಲಿ ಎಂದಲ್ಲ. ಅಳತೆ ನೋಡಿ ನೀರಿನಲ್ಲಿ ಕರಗಿಸಿ ಹಾಕಿದೆ.

"ಅಜ್ಜೀ, ಉಪ್ಪು ಹೋ ಗಯಾ. ಇನ್ನು ಅರಿಶಿನ, ಮೆಣಸು ಯಾವಾಗ?" ಎಂದು ಅವಳು ನಕ್ಕಳು.

ಮಗನಿಗೆ ನಗು ಬರಲಿಲ್ಲ. "ಅಮ್ಮ, ಸ್ನಾನದ ಬಕೆಟ್ಟೇ ಸಿಕ್ಕಿದ್ದಾ ನಿಮಗೆ?"

"ನೀನು ನಲ್ಲಿ ಕೆಳಗೆ ಕೂತು ಸ್ನಾನ ಮಾಡು. ನಿನಗೆ ಬೂಸ್ಟು ಹಿಡಿದಿಲ್ಲ," ಎಂದೆ.

ಎದುರು ಮನೆಯ ಟ್ಯಾಂಕಿನ ಗಾಳಿಯ ಪಂಪನ್ನು ತೊಳೆದು ಬಕೆಟ್ಟಿಗೆ ಬಿಟ್ಟೆ. ದಿನವೂ ಸ್ವಲ್ಪ ಹಳೆ ನೀರು ತೆಗೆದು ಹೊಸತು ಹಾಕಿದೆ. ಅದರ ಹೊಟ್ಟೆ ಉಬ್ಬಿತ್ತು, ತಿನ್ನಲು ಏನೂ ಕೊಡಲಿಲ್ಲ. ಹೊಟ್ಟೆ ಉಬ್ಬಿದವರಿಗೆ ಉಪವಾಸವೇ ಮದ್ದು, ಅದನ್ನು ಯಾರೂ ಓದಿ ಹೇಳಬೇಕಾಗಿಲ್ಲ. ಬೂಸ್ಟು ನಿಧಾನವಾಗಿ ಉದುರಿತು. ಆದರೆ ಬಲಗಣ್ಣು ತಂದಾಗಲೇ ಹಾಲಿನ ಹಾಗೆ ಬೆಳ್ಳಗಾಗಿತ್ತು. ಒಂದು ಸೋಮವಾರ ಬೆಳಿಗ್ಗೆ ನೋಡುವಾಗ ಅದು ಇರಲಿಲ್ಲ, ಗುಳಿ ಮಾತ್ರ ಇತ್ತು. ಕೊಳಕು ನೀರಿನಲ್ಲಿ ಕೊಳೆತ ಕಣ್ಣು, ಬಿತ್ತು. ಆ ವಾರವೇ ಬೇಯಿಸಿದ ಬಟಾಣಿಯ ಸಿಪ್ಪೆ ತೆಗೆದು, ಕಿವುಚಿ ಹಾಕಿದೆ. ತಿಂದಿತು.

ಆ ಹೊತ್ತಿಗೆ ಆಸ್ಪತ್ರೆಯಲ್ಲಿ ಅವಳ ಗಂಡನಿಗೆ ಜ್ವರ ಬಂದು ಆಪರೇಷನ್ ಮುಂದಕ್ಕೆ ಹೋಗಿತ್ತು. ಜ್ವರ ಬಿಟ್ಟ ಮೇಲೆ ಮತ್ತೆ ದಿನ ಗೊತ್ತುಮಾಡಿದರು. ಅದರ ಹಿಂದಿನ ದಿನ ಮಧ್ಯಾಹ್ನ ಅವಳು ಬಟ್ಟೆ ಒಯ್ಯಲು ಮನೆಗೆ ಬಂದಳು. ಬಾಗಿಲು ತೆಗೆದ ಕೂಡಲೇ ಖಾಲಿ ಟ್ಯಾಂಕ್ ಕಂಡಿತು. ಚಪ್ಪಲಿಯಲ್ಲೇ ನನ್ನ ಅಡುಗೆಮನೆಗೆ ಬಂದಳು. ಅಷ್ಟು ದಿನದಲ್ಲಿ ಮೊದಲ ಬಾರಿಗೆ ಅವಳ ಮುಖ ಅರಳಿತ್ತು.

"ಸತ್ತಿತೇನ್ರೀ ಅಕ್ಕಾರ?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಅಷ್ಟರಲ್ಲಿ ಬಚ್ಚಲ ಬಾಗಿಲಲ್ಲಿದ್ದ ಬಕೆಟ್ಟಿನಲ್ಲಿ ಅದು ಬಾಲ ಬಡಿಯಿತು.

"ಬದುಕಿದೆ," ಎಂದೆ.

ಅವಳು ಬಗ್ಗಿ ನೋಡಿದಳು. ಆಮೇಲೆ ಬಾಯಿಗೆ ಬಂದದ್ದೆಲ್ಲ ಅಂದಳು. "ಯಾರು ಹೇಳಿದ್ರಿ ನಿಮಗ? ನಾಳೆ ಮುಂಜಾನೆ ಅವರ ಎದಿ ಕೊಯ್ಯತಾರ! ಅದು ಹೋಗಬೇಕಿತ್ತು, ಅವರು ಉಳೀಬೇಕಿತ್ತು. ನೀವು ಇದನ್ನ ಉಳಿಸಿ ಕುಂತೀರಿ. ಅವರಿಗೆ ಏನರ ಆದ್ರ ನಿಮ್ಮ ಮನಿ ಮುಂದ ಬಂದು ಕೂಡತೀನಿ. ಕೊಡ್ರಿ, ವಾಪಸ್ ಅದರ ಜಾಗಾದಾಗ ಹಾಕ್ರಿ!"

ಬೈಗುಳಕ್ಕೆ ನಾನು ಹೆದರುವವಳಲ್ಲ. ಅವಳ ಕೈ ಹಿಡಿದು ಬಕೆಟ್ಟಿನ ಹತ್ತಿರ ಕೂರಿಸಿದೆ.

"ಸರಿಯಾಗಿ ನೋಡು. ಬಲಗಡೆ."

ಮೀನು ತಿರುಗುವವರೆಗೂ ಕಾದಳು. "ಕಣ್ಣ ಎಲ್ಲೈತ್ರೀ?"

"ಹೋಯ್ತು. ತಗೊಳ್ಳಬೇಕಾದದ್ದನ್ನು ತಗೊಂಡಿದೆ ಅದು. ಪೂರ್ತಿ ಸಾಯಲೇಬೇಕು ಅಂತ ಎಲ್ಲುಂಟು?"

ವಾಸ್ತುವಿನವನು ಹೇಳಿದ್ದಕ್ಕಿಂತ ಇದು ದೊಡ್ಡ ಸುಳ್ಳೇನಲ್ಲ. ಅವಳು ಇನ್ನೊಮ್ಮೆ ಬಕೆಟ್ಟಿಗೆ ಬಗ್ಗಿದಳು.

"ಯಾವತ್ತು ಹೋತ್ರೀ?"

"ಸೋಮವಾರ."

"ಸೋಮವಾರನ ಅವರ ಜ್ವರ ಇಳೀತ್ರೀ ಅಕ್ಕಾರ," ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡಳು.

ನಾನು ಒಂದು ಲೋಟ ಚಹಾ ಮಾಡಿಕೊಟ್ಟೆ. ನನ್ನ ಮನೆಯ ಪಾತ್ರೆಯಲ್ಲಿ ಅವಳು ಮೊದಲ ಸಲ ಕುಡಿದಳು. ಕುಡಿದು, ಬಟ್ಟೆಯ ಚೀಲ ಎತ್ತಿಕೊಂಡು ಲೋಕಲ್ ಟ್ರೇನ್ ಹಿಡಿಯಲು ಹೋದಳು.

ಆಪರೇಷನ್ ಆಯಿತು. ಗಂಡ ಅರ್ಧ ಆಗಿ ಮನೆಗೆ ಬಂದ. ಡಾಕ್ಟರು ನಡೆಯಬೇಕೆಂದು ಹೇಳಿದ್ದರಿಂದ, ಎರಡೂ ಮನೆಯ ನಡುವಿನ ಜಾಗದಲ್ಲಿ ಎದೆಗೆ ದಿಂಬು ಅವಚಿಕೊಂಡು ನಡೆಯುತ್ತಿದ್ದ. ಇಡೀ ಬಿಲ್ಡಿಂಗಿಗೆ ಅವಳು ಕಣ್ಣಿನ ಕಥೆ ಹೇಳಿದಳು. ನನ್ನ ಬಾಗಿಲಿಗೆ ಡಬ್ಬಿಗಳು ಬರತೊಡಗಿದ್ದು ಆಗಿನಿಂದ.

ಮೊನ್ನೆ ಗಂಡನನ್ನು ಮತ್ತೆ ಚೆಕಪ್‌ಗೆ ಕರೆದಿದ್ದರು. ಹಿಂದಿನ ದಿನ ಅವಳು ಬಂದು ನಿಂತಳು.

"ಅಕ್ಕಾರ, ಟ್ಯಾಂಕ್ ತೊಳಿಸಿ ಇಟ್ಟೀನ್ರಿ. ಅದನ್ನ ನಮ್ಮ ಮನಿಗೆ ಕೊಡ್ರೆಲ."

"ಯಾಕೆ?"

"ಇನ್ನೊಂದು ಕಣ್ಣ ಐತಲ್ರೀ."

ಅವಳು ತಮಾಷೆ ಮಾಡುತ್ತಿರಲಿಲ್ಲ.

"ಕೊಡೂದಿಲ್ಲ," ಎಂದೆ. "ನಿನ್ನ ಗಂಡ ದಿನಾ ನಡೆಯೂದು ನನ್ನ ಬಾಗಿಲಲ್ಲೇ. ತಗೊಳ್ಳೂದಿದ್ರೆ ಇಲ್ಲಿಂದಲೇ ತಗೊಳ್ತದೆ."

ಅವಳು ಯೋಚಿಸಿದಳು. ನಮ್ಮ ಬಾಗಿಲಿನಿಂದ ಅವರ ಬಾಗಿಲಿಗೆ ಎಷ್ಟು ದೂರವೆಂದು ಕಣ್ಣಲ್ಲೇ ಅಳೆದು, "ಅದೂ ಖರೇನ ಬಿಡ್ರಿ," ಎಂದಳು. ಒಲೆಯ ಮೇಲೆ ಬಂಗುಡೆ ಕರಿಯುತ್ತಿತ್ತು. ಮೂಗಿಗೆ ಸೆರಗು ಹಿಡಿದುಕೊಂಡೇ ಬಕೆಟ್ಟಿನ ಹತ್ತಿರ ಹೋಗಿ, ಒಂದು ಚಿಟಿಕೆ ಕಾಳು ಹಾಕಿ, ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.