ತೋಳಿನಲ್ಲಿ ಕಲೆ ಬೀಳದ ಲಸಿಕೆ

ದಕ್ಷಿಣ ಕನ್ನಡ ಜಿಲ್ಲೆಯ ಸಾರ್ವಜನಿಕ ಆರೋಗ್ಯದ ಚರಿತ್ರೆಯನ್ನು ಮುಂದೆ ಯಾರಾದರೂ ಬರೆದರೆ, ಅದರಲ್ಲಿ ಡಾಕ್ಟರುಗಳಿಗೆ ಒಂದೊಂದು ಅಧ್ಯಾಯ, ಆಸ್ಪತ್ರೆ ಕಟ್ಟಿಸಿದ ದಾನಿಗಳಿಗೆ ಒಂದೊಂದು ಭಾವಚಿತ್ರ ಖಂಡಿತ ಸಿಕ್ಕೀತು. ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಮನೆಮನೆಯ ಜಗಲಿ ಹತ್ತಿ, ಮಕ್ಕಳ ಬಾಯಿಗೆ ಪೋಲಿಯೊ ಲಸಿಕೆಯ ಹನಿ ಬಿಟ್ಟು, ಆ ಹನಿ ನಿಜವಾಗಿ ಕೆಲಸ ಮಾಡಿತೋ ಇಲ್ಲವೋ ಎಂದು ಬೆನ್ನು ಬಿಡದೆ ವಿಚಾರಿಸಿದ ಆರೋಗ್ಯ ಸಂದರ್ಶಕಿ ಶ್ರೀಮತಿ ದಮಯಂತಿಯವರಿಗೆ ಮೊದಲ ಪುಟದಲ್ಲೇ ಮಣೆ ಹಾಕಬೇಕೆಂಬುದು ನನ್ನ ಹಟ. ಈ ವರ್ಷ, 1969ರಲ್ಲಿ, ಅವರು ನಿವೃತ್ತರಾಗುತ್ತಿದ್ದಾರೆ. ಹದಿನೈದು ವರ್ಷ ಅವರೊಂದಿಗೆ ಪ್ರಯೋಗಾಲಯದ ಸಹಾಯಕನಾಗಿ ದುಡಿದ ನಾನು ಸಭೆಯಲ್ಲಿ ತೊದಲುವವನು. ಲೇಖನಿ ಹಿಡಿದರೆ ಮಾತ್ರ ನಿಲ್ಲಿಸಲಾರೆ. ಸಂಪಾದಕರು ಸಹಿಸಿಕೊಳ್ಳಬೇಕು.

1952ರಲ್ಲಿ ಅವರು ಮೂಡುಬಿದಿರೆಯಲ್ಲಿ ಸೇವೆಗೆ ಸೇರಿದರು. ಎರಡು ವರ್ಷಗಳ ಬಳಿಕ ನಾನು ಸೇರಿದೆ. ಸೇರಿದ ತಿಂಗಳಲ್ಲೇ ವಾಂತಿಭೇದಿಯ ಹಾವಳಿ. ಮಿಜಾರಿನ ಹನ್ನೆರಡು ಬಾವಿಗಳ ನೀರನ್ನು ಸೀಸೆಗಳಲ್ಲಿ ತುಂಬಿ ತಂದ ನಾನು, ಆಸ್ಪತ್ರೆಯ ಮೆಟ್ಟಿಲಲ್ಲೇ ಎಡವಿ ಒಂದನ್ನೂ ಉಳಿಸದೆ ಒಡೆದೆ. ಕೆಲಸ ಹೋಯಿತೆಂದೇ ತಿಳಿದಿದ್ದೆ. ದಮಯಂತಿಯವರು ಬೈಯಲೂ ಇಲ್ಲ, ಮೇಲಿನವರಿಗೆ ದೂರಲೂ ಇಲ್ಲ. "ಬನ್ನಿ ರಮಾನಾಥರೇ, ಬಾವಿ ಅಲ್ಲಿಯೇ ಉಂಟಲ್ಲ, ಪುನಃ ಹೋಗುವ" ಎಂದು ಕೊಡೆ ತೆಗೆದುಕೊಂಡು ಹೊರಟೇಬಿಟ್ಟರು. ಆ ದಿನದಿಂದ ಅವರು ನನಗೆ ದಮಯಂತಕ್ಕ.

ಆಗ ಲಸಿಕೆ ಎಂದರೆ ಸಿಡುಬಿನ ದಾಕು. ತೋಳಿಗೆ ಚುಚ್ಚಿ ವಾರ ಕಳೆದರೆ ಬೊಕ್ಕೆ ಎದ್ದು, ಒಣಗಿ, ಕಲೆ ಉಳಿಯುತ್ತಿತ್ತು. ಹಿಡಿಯಿತೋ ಇಲ್ಲವೋ ಎಂದು ತಾಯಿಯೇ ನೋಡಿ ಹೇಳಬಲ್ಲವಳಾಗಿದ್ದಳು. 1966ರಲ್ಲಿ ನಮ್ಮ ಪಾಲಿಗೆ ಬಂದ ಪೋಲಿಯೊ ಲಸಿಕೆ ಹಾಗಲ್ಲ. ಸೂಜಿಯಿಲ್ಲ, ಬೊಕ್ಕೆಯಿಲ್ಲ, ಬಾಯಿಗೆ ಎರಡು ಹನಿ, ಅಷ್ಟೆ! ಕರುಳಿನಲ್ಲೇ ರೋಗವನ್ನು ತಡೆಯುವ ಈ ಹನಿ ನಮ್ಮ ಮಕ್ಕಳಲ್ಲಿ ಎಷ್ಟು ಫಲಿಸುತ್ತದೆ ಎಂಬ ಪರೀಕ್ಷೆಗೆ ಮೂರೂ ಕಡೆಗಳಿಂದ ಇನ್ನೂರ ನಲವತ್ತು ಶಿಶುಗಳನ್ನು ಆರಿಸಲಾಯಿತು. ಹನಿ ಹಾಕುವ ಮೊದಲೊಮ್ಮೆ, ಆಮೇಲೊಮ್ಮೆ, ಹಿಮ್ಮಡಿಯಿಂದ ತುಸು ರಕ್ತ ತೆಗೆದು ದೂರದ ಪ್ರಯೋಗಾಲಯಕ್ಕೆ ಕಳುಹಿಸಬೇಕಿತ್ತು. ಅಂತಹ ಕೆಲಸ ನಮ್ಮ ಕೈಗೆ ಬಂತಲ್ಲ ಎಂದು ನನಗೆ ವಾರವಿಡೀ ಊಟ ರುಚಿಸಲಿಲ್ಲ.

ಬಿಸಿ ತಾಗಿದರೆ ಲಸಿಕೆ ಸಾಯುತ್ತದೆ. ಮಂಗಳೂರಿನಲ್ಲಿ ಮೀನಿನ ದೋಣಿಗಳು ತಂಗುವ ದಕ್ಕೆಯಿಂದ, ಮೀನಿಗೆ ಹಾಕುವ ಮಂಜುಗಡ್ಡೆ ತರಿಸಿ, ಮರದ ಪೆಟ್ಟಿಗೆಯಲ್ಲಿ ಉಮಿ ತುಂಬಿ, ನಡುವೆ ಸೀಸೆಗಳನ್ನಿಟ್ಟು ಬಸ್ಸು ಹತ್ತುತ್ತಿದ್ದೆವು. ಪೆಟ್ಟಿಗೆಯಿಂದ ನೀರು ಸೋರುವುದನ್ನು ಕಂಡು, ಒಳಗಿರುವುದು ಮೀನೆಂದೇ ತಿಳಿದ ಕಂಡಕ್ಟರು "ಬಂಗುಡೆಯಾ ಅಮ್ಮ, ಬೂತಾಯಿಯಾ?" ಎಂದು ಕೇಳದ ದಿನವಿಲ್ಲ. ನರಿಕೊಂಬಿಗೆ ಹೋಗುವ ದೋಣಿಯಲ್ಲಿ ದಮಯಂತಕ್ಕ ತಮ್ಮ ತಲೆಗೆ ಬಿಸಿಲು ಬಿಟ್ಟು, ಪೆಟ್ಟಿಗೆಗೆ ಕೊಡೆ ಹಿಡಿದು ಕೂರುತ್ತಿದ್ದರು.

ಬೆಳ್ತಂಗಡಿಯ ಗುಡ್ಡದ ಕಡೆಯ ಊರಿಗೆ ಮೊದಲ ಪ್ರಕಟಣೆ ಬರೆದ ಪುಣ್ಯಾತ್ಮ ನಾನೇ. "ಆದಿತ್ಯವಾರ ಮಕ್ಕಳ ಬಾಯಿಗೆ ಮದ್ದು ಹಾಕಲಾಗುವುದು" ಎಂದು ಗುಂಡಗೆ ಬರೆದು ಶಾಲೆಯ ಗೋಡೆಗೆ ಅಂಟಿಸಿದೆ. ನಮ್ಮ ಕಡೆ ಮದ್ದು ಕೊಡುವುದು ಬೇರೆ, ಮದ್ದು ಹಾಕುವುದು ಬೇರೆ. ಆಗದವರ ಊಟದಲ್ಲಿ ಗುಟ್ಟಾಗಿ ವಿಷವನ್ನೋ ವಶೀಕರಣವನ್ನೋ ಬೆರೆಸುವುದಕ್ಕೆ ಮದ್ದು ಹಾಕುವುದು ಎನ್ನುತ್ತಾರೆ. ಇದು ಊರಿಗೆಲ್ಲ ಗೊತ್ತು. ಬರೆಯುವಾಗ ನನ್ನ ಬುದ್ಧಿ ಮಾತ್ರ ಮಂಕಾಗಿತ್ತು. ಆದಿತ್ಯವಾರ ಒಂದು ಬಾಗಿಲೂ ತೆರೆದಿರಲಿಲ್ಲ. ಪೂವಮ್ಮ ಎಂಬ ಹಿರಿಯ ಹೆಂಗಸು ಮಾತ್ರ ಮೊಮ್ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಗೆ ಬಂದು, "ಮದ್ದು ಹಾಕುವವರನ್ನು ಕೇಳಿ ಗೊತ್ತುಂಟು. ಗೋಡೆಗೆ ಬರೆದು ಅಂಟಿಸಿ ಹಾಕ್ಲಿಕ್ಕೆ ಬರುವವರನ್ನು ಇವತ್ತೇ ನೋಡಿದ್ದು!" ಎಂದರು. ದಮಯಂತಕ್ಕ ನಕ್ಕೂ ನಕ್ಕೂ ಮೆಟ್ಟಿಲ ಮೇಲೆಯೇ ಕೂತುಬಿಟ್ಟರು. ಬಳಿಕ ಎರಡು ಹನಿ ತಮ್ಮ ನಾಲಗೆಗೆ, ಎರಡು ನನ್ನ ನಾಲಗೆಗೆ ಬಿಟ್ಟು, "ನಮಗೆ ಏನಾಗ್ತದೆ ನೋಡಿ ಪೂವಮ್ಮ, ನಾವು ಇಲ್ಲಿಯೇ ಇರ್ತೇವೆ" ಎಂದರು. ಒಂದು ಗಂಟೆ ಕೂತೆವು. ಮೊದಲು ಒಳಗಿನಿಂದ ನಮಗೆ ಬೆಲ್ಲ ನೀರು ಬಂತು, ಆಮೇಲೆ ಸೆರಗಿನಿಂದ ಮೊಮ್ಮಗು ಬಂತು.

ಹೀಗೆ ಎಲ್ಲ ಮಕ್ಕಳಿಗೂ ಎರಡೆರಡು ಸಲ ಹನಿ ಬಿತ್ತು. "ಎರಡು ಸಲ ಸಾಕು, ಮತ್ತೆ ಹೆದರಿಕೆ ಇಲ್ಲ" ಎಂದು ಪ್ರತಿ ತಾಯಿಗೂ ದಮಯಂತಕ್ಕ ಮಾತು ಕೊಟ್ಟಿದ್ದರು. ನಮಗೆ ಹೇಳಿಕೊಟ್ಟದ್ದೂ ಹಾಗೆಯೇ.

ಫಲಿತಾಂಶದ ಕಾಗದ ಒಡೆದೆ. ಇನ್ನೂರ ನಲವತ್ತರಲ್ಲಿ ನೂರ ಹದಿನೆಂಟು ಮಕ್ಕಳಿಗೆ ಮಾತ್ರ ಲಸಿಕೆ ಹಿಡಿದಿತ್ತು. ತಾಯಂದಿರು ಬಿಸಿ ಕಷಾಯ ಕುಡಿಸಿ ಕೆಡಿಸಿರಬೇಕೆಂದು ನಾನು ಅಬ್ಬರಿಸಿದೆ. ಮಂಜುಗಡ್ಡೆ ಕರಗಿರಬೇಕೆಂದೂ ಅಂದೆ. ಆದರೆ ದಮಯಂತಕ್ಕ ಪ್ರತಿ ಊರಿನಿಂದ ಪ್ರಯೋಗಾಲಯಕ್ಕೆ ಮರಳಿ ಕಳುಹಿಸಿದ್ದ ಉಳಿಕೆ ಹನಿಗಳು ಪರೀಕ್ಷೆಯಲ್ಲಿ ಜೀವಂತವಾಗಿಯೇ ಇದ್ದವು. ತಾಯಂದಿರೂ ಹೇಳಿದಂತೆ ನಡೆದಿದ್ದರು. ನಮ್ಮ ಮಕ್ಕಳ ಕರುಳಿನಲ್ಲಿ ಬೇರೆ ಸೂಕ್ಷ್ಮಜೀವಿಗಳು ಮೊದಲೇ ತುಂಬಿರುವುದರಿಂದ, ಮದುವೆಗೆ ತಡವಾಗಿ ಬಂದವರಿಗೆ ಪಂಕ್ತಿಯಲ್ಲಿ ಎಲೆ ಸಿಗದ ಹಾಗೆ, ಲಸಿಕೆಗೆ ಜಾಗ ಸಿಗಲಿಲ್ಲವೆಂದು ಪ್ರಯೋಗಾಲಯದವರ ಊಹೆ. ಇನ್ನಷ್ಟು ಸಲ ಕೊಟ್ಟು ನೋಡಬೇಕೆಂದು ಅವರು ಬರೆದಿದ್ದರು.

ಈಗ ಒಂದು ತಪ್ಪೊಪ್ಪಿಗೆ. "ಮೊದಲಿನದು ಹಿಡಿಯಲಿಲ್ಲ ಎಂದು ಹೇಳುವುದು ಬೇಡ, ಇನ್ನೊಂದು ಸುತ್ತು ಉಂಟು ಎಂದರೆ ಸಾಕು" ಎಂದು ಸಲಹೆ ಕೊಟ್ಟವನು ನಾನು. ತೋಳಿನಲ್ಲಿ ಕಲೆಯಿಲ್ಲ, ಯಾರಿಗೂ ತಿಳಿಯುವಂತಿಲ್ಲ. ತಿಳಿದರೆ ಮತ್ತೆ ಒಬ್ಬರೂ ಬಾಗಿಲು ತೆರೆಯಲಾರರೆಂಬ ಭಯ ಮೇಲಿನವರಿಗೂ ಇತ್ತು. ದಮಯಂತಕ್ಕ ಕೇಳಿದ್ದು ಒಂದೇ ಮಾತು: "ಹಿಡಿಯದ ಮಗುವಿನ ಅಮ್ಮ ಹೆದರಿಕೆ ಇಲ್ಲ ಅಂತ ಮಲಗುವುದು ಯಾರ ಮಾತಿನ ಮೇಲೆ ರಮಾನಾಥರೇ?"

ಮರುದಿನವೇ ಫರಂಗಿಪೇಟೆಯ ಬೀಯಮ್ಮನ ಮನೆಗೆ ಹೊರಟರು, ಪೆಟ್ಟಿಗೆ ಹೊತ್ತು ನಾನೂ. ಆ ಮನೆಯನ್ನೇ ಮೊದಲು ಆರಿಸಿದ್ದು ಅವರ ಧೈರ್ಯ. ಬೀಯಮ್ಮನ ಹಿರಿಯ ಮಗಳು ಸೈನಬಳ ಬಲಗಾಲನ್ನು ಪೋಲಿಯೊ ಮೊದಲೇ ತಿಂದಿತ್ತು. ಲಸಿಕೆ ಹಿಡಿಯದವರ ಪಟ್ಟಿಯಲ್ಲಿ ಈಗ ಅವಳ ತಮ್ಮ ಅದ್ದುವಿನ ಹೆಸರಿತ್ತು.

ಬೀಯಮ್ಮ ಪೂರ್ತಿ ಕೇಳಿಸಿಕೊಂಡಳು. "ಎರಡು ಸಲ ಸಾಕು ಅಂತ ಹೇಳಿದ್ದು ನೀವೇ ಅಲ್ವಾ?"

"ನಾನೇ. ಹೇಳಿದ್ದು ತಪ್ಪಾಯಿತು ಬೀಯಮ್ಮ."

"ಇನ್ನು ಎಷ್ಟು ಸಲ?"

"ಈಗ ಹೇಳ್ಲಿಕ್ಕೆ ಆಗುವುದಿಲ್ಲ. ಹಾಕಿ, ರಕ್ತ ನೋಡಿ, ಹೇಳ್ತೇನೆ."

ಬೀಯಮ್ಮ ಒಳಗೆ ಹೋದಳು. ಮುಗಿಯಿತೆಂದು ನಾನು ಪೆಟ್ಟಿಗೆ ಎತ್ತಿಕೊಂಡೆ. ಅಷ್ಟರಲ್ಲಿ ಅವಳು ಅದ್ದುವನ್ನು ಸೊಂಟದ ಮೇಲಿಟ್ಟುಕೊಂಡು ಹೊರಗೆ ಬಂದು, ಬೇಲಿಯಾಚೆಯ ನೆರೆಮನೆಯವಳನ್ನೂ ಅವಳ ಮಗುವನ್ನೂ ಕೂಗಿ ಕರೆದಳು. "ಆ ದಿನ ನೀವು ಸಾಕು ಅಂದಾಗ ನನಗೆ ಅಷ್ಟು ನಂಬಿಕೆ ಬರ್ಲಿಲ್ಲ. ಇವತ್ತು ಬಂತು" ಎಂದಳು. ಆ ಕ್ಷಣ ನನಗಾದ ನಾಚಿಕೆಯನ್ನೂ ಸಂತೋಷವನ್ನೂ ಇಲ್ಲಿ ಮುಚ್ಚಿಡಲಾರೆ.

ಆಮೇಲೆ ಮೂರನೆಯ ಸುತ್ತು, ನಾಲ್ಕನೆಯದು! ನೂರ ಹದಿನೆಂಟು ಹೋಗಿ ನೂರ ತೊಂಬತ್ತಾರಾಯಿತು. ಅದ್ದು ಮಾತ್ರ ಹಿಡಿಯದವರಲ್ಲೇ ಉಳಿದ. ಪ್ರತಿ ಸಲ ದಮಯಂತಕ್ಕನೇ ಹೋಗಿ "ಇನ್ನೂ ಇಲ್ಲ" ಎಂದು ಹೇಳಿ ಬಂದರು. ಐದನೆಯ ಸುತ್ತಿನ ಫಲಿತಾಂಶ ಹೋದ ಗುರುವಾರ, ಈ ಲೇಖನ ಅರ್ಧವಾಗಿದ್ದಾಗ, ಬಂತು. ಇನ್ನೂರ ಇಪ್ಪತ್ತೊಂಬತ್ತು! ನಾನು ಅದ್ದುವಿನ ಹೆಸರನ್ನು ಮೂರು ಸಲ ಓದಿದೆ. ಹಿಡಿದಿತ್ತು. ಆಸ್ಪತ್ರೆಯ ಅಂಗಳದಲ್ಲಿ ಐವತ್ತರ ಗಂಡಸು ಕುಣಿದದ್ದನ್ನು ಕಂಡವರಿದ್ದಾರೆ.

ಎರಡು ಗಂಟೆಯ ಬಸ್ಸಿಗೇ ಇಬ್ಬರೂ ಹೋದೆವು. ಸುದ್ದಿ ಕೇಳಿ ಬೀಯಮ್ಮ ಅದ್ದುವಿನ ಎರಡೂ ಕಾಲನ್ನು ಸವರಿದಳು. "ಹಾಗಾದರೆ ಇನ್ನು ನೀವು ಬರ್ಲಿಕ್ಕಿಲ್ವಾ ಅಮ್ಮ?" ಎಂದಳು. ನಿವೃತ್ತಿಯ ವಿಷಯ ಅವಳಿಗೆ ತಿಳಿದಿರಲಿಲ್ಲ. ಸೇವೆಯುದ್ದಕ್ಕೂ ಕಣ್ಣೀರು ಹಾಕಿದ್ದನ್ನು ನಾನು ಕಾಣದ ದಮಯಂತಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು.

"ಇನ್ನು ಹನ್ನೊಂದು ಮಕ್ಕಳು ಉಂಟಲ್ಲ ಬೀಯಮ್ಮ. ಈ ದಾರಿಯಲ್ಲೇ ಹೋಗುವುದು. ಬರ್ತೇನೆ."

ಸರಕಾರ ಅವರನ್ನು ಬಿಡುಗಡೆ ಮಾಡಲಿ. ಆ ಹನ್ನೊಂದು ಮಕ್ಕಳು ಬಿಡುವವರಲ್ಲ. ಹನ್ನೊಂದೂ ಮನೆಗಳಿಗೆ ಹೋಗಿ "ಹಿಡಿಯಿತು" ಎಂದು ಹೇಳಿ ಬರುವಷ್ಟು, ಅದಾದ ಮೇಲೂ ಇನ್ನೆಷ್ಟೋ ಬಾಗಿಲುಗಳನ್ನು ತಟ್ಟುವಷ್ಟು ಆಯುರಾರೋಗ್ಯವನ್ನು ದೇವರು ಅವರಿಗೆ ಕೊಡಲಿ. ಪೆಟ್ಟಿಗೆ ಹೊರಲು ನಾನಿದ್ದೇನೆ.