ಅಣ್ಣನ ದುಂಡು ಕಿಟಕಿ

ಬೆಳಿಗ್ಗೆ ಮಗಳು ಸೀಮೆಎಣ್ಣೆಯಲ್ಲಿ ನೀಲಿ ಪುಡಿ ಕಲಸಿದಳು. ಹೆಣ್ಣುಮಕ್ಕಳಾದರೆ ನಿಮಗೂ ಗೊತ್ತಿರುತ್ತದೆ: ಕಸೂತಿ ಚಿತ್ರದ ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಹಾಳೆಯನ್ನು ಬಟ್ಟೆಯ ಮೇಲಿಟ್ಟು ಈ ನೀಲಿ ಒರೆಸಿದರೆ ಕೆಳಗೆ ಚುಕ್ಕಿಚುಕ್ಕಿಯಾಗಿ ಚಿತ್ರ ಮೂಡುತ್ತದೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಚೆನ್ನಾಗಿ ಬರುತ್ತಿದ್ದ ವಿದ್ಯೆ ಇದೊಂದೇ. ಅದರಿಂದಲೇ ಅಣ್ಣನ ವಿದ್ಯೆ ಕೆಡಿಸಿದೆ.

ಅಣ್ಣ ಬೊಂಬಾಯಿಯಲ್ಲಿ ಕಟ್ಟಡಗಳ ಓದು ಓದುತ್ತಿದ್ದ. ರಜೆಗೆ ದುರ್ಗಿಗುಡಿಯ ಮನೆಗೆ ಬಂದಾಗ, ಪಶ್ಚಿಮ ದೇಶಗಳ ಹಳೆಯ ಕಟ್ಟಡಗಳನ್ನು ಪುಸ್ತಕ ನೋಡಿ, ಅಳೆದು ಅಳೆದು ಬರೆಯುತ್ತಿದ್ದ. "ಗ್ರೀಕರದು ಕಂಬ, ರೋಮಿನವರದು ಕಮಾನು, ಆಮೇಲಿನವರದು ಕಿಟಕಿ" ಎಂದು ಅವನು ಮಗ್ಗಿಯಂತೆ ಹೇಳಿಕೊಳ್ಳುತ್ತಿದ್ದುದು ನನಗೆ ಈಗಲೂ ಬಾಯಿಪಾಠ. ಒಂದು ಕಂಬದ ತಲೆಗೆ ಟಗರಿನ ಕೊಂಬಿನಂಥ ಸುರುಳಿ. "ಇದು ಹಾಯಲ್ಲ ತಾನೇ?" ಎಂದರೆ "ನಿನ್ನಷ್ಟು ಹಾಯಲ್ಲ ಬಿಡು" ಎನ್ನುತ್ತಿದ್ದ.

ಕೊನೆಯ ಹಾಳೆಯಲ್ಲಿ ದುಂಡನೆಯ ಹೂವಿತ್ತು.

"ಕಿಟಕಿ ಕಣೇ. ಏಳುನೂರು ವರ್ಷದ ಚರ್ಚಿಂದು."

"ಸರಳೇ ಇಲ್ವಲ್ಲೋ. ಕಳ್ಳ ಬಂದ್ರೆ?"

"ಅಷ್ಟೆತ್ತರಕ್ಕೆ ಯಾವ ಕಳ್ಳ ಹತ್ತುತಾನೆ ಮಾರಾಯ್ತಿ. ಎಸಳೆಲ್ಲ ಕಲ್ಲು, ಸಂದಿಗೆಲ್ಲ ಬಣ್ಣದ ಗಾಜು. ಬೆಳಕು ಮಾತ್ರ ಬರುತ್ತೆ."

ಮುಂದಿನ ವಾರ ಕುಂಸಿಯಿಂದ ನನ್ನನ್ನು ನೋಡಲು ಬರುವವರಿದ್ದರು. ಹುಡುಗಿಯ ಕೈಕೆಲಸ ತೋರಿಸಬೇಕು. ಊರಿನ ದಿಂಬುಗಳ ಮೇಲೆಲ್ಲ ಆಗ ಗಿಳಿಯೇ ಕೂತಿತ್ತು. ನನ್ನದು ಯಾರಲ್ಲೂ ಇಲ್ಲದ್ದಾಗಬೇಕೆಂಬ ಆಸೆ. ಅಣ್ಣ ಹೊರಗೆ ಹೋಗಿದ್ದಾಗ ಆ ತೆಳು ಟ್ರೇಸಿಂಗ್ ಹಾಳೆಯನ್ನು ಚುಚ್ಚಿದೆ. ಸೂಜಿಯ ತೂತು ಯಾರಿಗೆ ಕಾಣುತ್ತದೆ ಎಂದುಕೊಂಡಿದ್ದೆ. ನೀಲಿ ಒರೆಸಿದ ಮೇಲೆ ಹಾಳೆ ಎಣ್ಣೆ ಕುಡಿದು, ಮೋಡ ಕವಿದಂತಾಯಿತು. ಹೆದರಿ ನನ್ನ ಟ್ರಂಕಿನ ತಳಕ್ಕೆ ತುರುಕಿದೆ.

ಹೊರಡುವ ಹಿಂದಿನ ದಿನ ಅಣ್ಣ ಮನೆಯೆಲ್ಲ ಹುಡುಕಿದ. "ನೀನೇನಾದ್ರೂ ನೋಡಿದ್ಯೇನೇ? ಅದು ಕೊಡ್ದಿದ್ರೆ ಪರೀಕ್ಷೆಗೇ ಕೂರ್ಸಲ್ಲ."

ದಿಂಬಿನ ಬಟ್ಟೆಯನ್ನು ಸೆರಗಿನಡಿ ಮುಚ್ಚಿಕೊಂಡು "ಇಲ್ಲ" ಎಂದೆ.

ರೈಲಿನಲ್ಲೇ ಮತ್ತೆ ಬರೆಯಲು ಕೂತನಂತೆ. ಕುಲುಕಾಟಕ್ಕೆ ದುಂಡು ದುಂಡಾಗಿ ಬರಲಿಲ್ಲವಂತೆ. ಪರೀಕ್ಷೆ ತಪ್ಪಿತು. ಇನ್ನೊಂದು ವರ್ಷ ಓದಲು ಅಪ್ಪ ಮತ್ತೆ ಕಳಿಸಲೇ ಇಲ್ಲ. ಇತ್ತ ಗಂಡಿನ ತಾಯಿ ದಿಂಬನ್ನು ತಿರುಗಿಸಿ ತಿರುಗಿಸಿ ನೋಡಿ, "ಇಂಥ ಹೂ ಎಲ್ಲೂ ಕಂಡಿಲ್ಲಮ್ಮ" ಎಂದರು. ನನ್ನ ಮದುವೆಯಾಯಿತು. ಅಣ್ಣ ಭದ್ರಾವತಿಯ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿ ಹದಿಮೂರು ವರ್ಷದಿಂದ ಕ್ವಾರ್ಟರ್ಸಿನ ಚರಂಡಿ ಬರೆಯುತ್ತಿದ್ದಾನೆ. ಅವನು ಬರುವ ದಿನ ಆ ದಿಂಬು ಬೀರುವಿನೊಳಗಿರುತ್ತದೆ.

ಇವತ್ತು ಭಾನುವಾರ, ಬರುತ್ತಾನೆ. ಟ್ರಂಕಿನಿಂದ ಹಾಳೆ ತೆಗೆದೆ. ಎಷ್ಟೋ ಸಲ ಇದನ್ನು ಒಲೆಯ ತನಕ ಒಯ್ದು ವಾಪಸು ತಂದಿದ್ದೇನೆ. ಮಗಳು ನನ್ನ ಕೈಯಿಂದ ತೆಗೆದುಕೊಂಡು ಬಿಸಿಲಿಗೆ ಹಿಡಿದಳು. ಆ ಕೊಳಕು ನೀಲಿಯೊಳಗೆ ತೂತು ತೂತಿಗೂ ಬೆಳಕು.

"ಇದೆಂಥ ಹೂವಮ್ಮ?"

"ಕಿಟಕಿ. ನಿನ್ನ ಮಾವಂದು."

ಅಣ್ಣ ಯಾವಾಗಲೂ ಕೂರುವ ಕುರ್ಚಿಯ ಎದುರಿನ ಕಿಟಕಿಗೆ ಅನ್ನದ ಅಗುಳಿನಿಂದ ಅದನ್ನು ಅಂಟಿಸಿದ್ದೇನೆ. ಇದನ್ನು ಬರೆಯುವಷ್ಟರಲ್ಲಿ ಭದ್ರಾವತಿ ಬಸ್ಸು ಬಂದಿರಬೇಕು. ಕಿತ್ತುಬಿಡಲೇ ಎಂದು ಎರಡು ಸಲ ಎದ್ದೆ. ಕಿತ್ತಿಲ್ಲ.