ಅತಿ ನುಣ್ಣನೆಯ ಪುಡಿ

ನಮ್ಮೂರಲ್ಲಿ ಹೆಣ್ಣುಮಗಳ ಜಾಣ್ಮೆಯನ್ನು ಮೆಣಸಿನಕಾಯಿ ಅರೆಯುವುದರಲ್ಲಿ ನೋಡುತ್ತಾರೆ. ಅಡ್ವೋವಾ ಫ್ರೇಮಾಳ ಅಜ್ಜಿ ಮಣ್ಣಿನ ಬಟ್ಟಲಿಗೆ ಬೆರಳದ್ದುತ್ತಿದ್ದಳು. ತರಿ ಸಿಕ್ಕಿತೋ, ಮಾತಿಲ್ಲದೆ ಬಟ್ಟಲು ಮತ್ತೆ ಮೊಮ್ಮಗಳ ಮಡಿಲಿಗೆ. ಫ್ರೇಮಾ ಕುಮಾಸಿ ನಗರದ ಪ್ರಯೋಗಾಲಯ ಸೇರಿ ಕಬ್ಬಿಣದ ಆಕ್ಸೈಡಿನ ಕರಿಪುಡಿ ತಯಾರಿಸತೊಡಗಿದಾಗಲೂ ಅವಳಿಗೆ ಅಜ್ಜಿಯದೇ ಹಟ.

ಆ ಪುಡಿ ನೀರಿನೊಳಗಿನ ವಿಷವನ್ನು ಮೈಗಂಟಿಸಿಕೊಳ್ಳುತ್ತದೆ. ಕಣ ಸಣ್ಣದಾದಷ್ಟೂ ಹೆಚ್ಚು ಅಂಟು. ಆಮೇಲೆ ಅಯಸ್ಕಾಂತ ಹಿಡಿದರೆ ಪುಡಿ, ವಿಷ ಎರಡೂ ಹೊರಗೆ. ಚಿನ್ನದ ಗಣಿಯ ಪಕ್ಕದ ನಮ್ಮ ಬಾವಿಯಲ್ಲಿ ಆರ್ಸೆನಿಕ್ ಇರುವುದನ್ನು ಕಂಡುಹಿಡಿದವಳೇ ಫ್ರೇಮಾ. ಬಾವಿಯ ಬಳಿ ನೀರು ಶುದ್ಧಮಾಡುವ ಪೀಪಾಯಿ ಇಡಲು ಹಿರಿಯರು ಒಪ್ಪಬೇಕಿತ್ತು. ಅವರು ಒಮ್ಮೆ ಬೇಡವೆಂದರೆ ಮತ್ತೆ ಕೇಳುವಂತಿಲ್ಲ.

ಊರಿಗೆಂದೇ ಅವಳು ಹಿಂದೆಂದಿಗಿಂತ ನುಣ್ಣನೆಯ ಪುಡಿ ತಂದಳು.

ನಮ್ಮಲ್ಲಿ ಬಂದವರಿಗೆ ಮೊದಲು ನೀರು. ಅವರು ಕುಡಿದ ಮೇಲಷ್ಟೇ ಬಂದ ಕಾರಣ ಕೇಳುವುದು. ಹಿರಿಯರೆಲ್ಲ ಸೇರಿದ್ದರು. ಅವರಿಗೆಲ್ಲ ಮುಖ್ಯಳಾದ ಊರಿನ ರಾಣಿತಾಯಿ ನಾನಾ ಬಿರಾಗೊ, ಅಂದರೆ ಫ್ರೇಮಾಳ ದೊಡ್ಡಮ್ಮ, ಆ ಬಾವಿಯ ನೀರನ್ನೇ ಗಾಜಿನ ಲೋಟದಲ್ಲಿ ತರಿಸಿದಳು.

"ನಮ್ಮ ನೀರು ವಿಷ ಅಂತೀಯಂತೆ. ತೊಳ್ಕೊಂಡೇ ಕುಡಿಯಮ್ಮ, ಕಾಯ್ತೀವಿ."

ಫ್ರೇಮಾ ಪುಡಿ ಕದಡಿ, ಹಳೆಯ ಧ್ವನಿವರ್ಧಕದಿಂದ ಬಿಚ್ಚಿದ ಅಯಸ್ಕಾಂತವನ್ನು ಲೋಟಕ್ಕೆ ಒತ್ತಿ ಹಿಡಿದಳು. ನೀರು ಕಪ್ಪಾಗಿಯೇ ನಿಂತಿತು. ಅಯಸ್ಕಾಂತದ ಮಗ್ಗುಲು ಬದಲಿಸಿದಳು, ಊದಿದಳು, ಕಾದಳು. ಹಿರಿಯರಲ್ಲೊಬ್ಬನಾದ ಡುವಾ, ಆ ಕಪ್ಪು ನೀರು ಕೋಕೋ ಪಾನೀಯವೆಂಬಂತೆ, ಹಾಲು ಬೇಕೇನೆಂದು ಮೆಲ್ಲಗೆ ವಿಚಾರಿಸಿದ.

ಅವಳಿಗೆ ತಪ್ಪು ಹೊಳೆಯಿತು.

"ದೊಡ್ಡಮ್ಮಾ, ಪುಡಿ ಅತಿ ಸಣ್ಣದಾಗೋಯ್ತು. ಒಂದೊಂದು ಕಣಾನೂ ಒಂದು ಪುಟ್ಟ ಅಯಸ್ಕಾಂತ. ಸ್ವಲ್ಪ ದೊಡ್ಡವಿದ್ರೆ ಒಂದನ್ನೊಂದು ಹಿಡ್ಕೊಂಡು ಸಾಲಾಗಿ ಬರ್ತವೆ. ಇಷ್ಟು ಚಿಕ್ಕವು ನೀರಿನ ಬಿಸುಪಿಗೇ ದಿಕ್ಕುಗೆಟ್ಟು ಕುಣೀತವೆ, ಯಾರ ಕೈನೂ ಹಿಡಿಯಲ್ಲ."

"ಹಾಲುಹಲ್ಲಿನ ಮಕ್ಕಳನ್ನ ಮೆರವಣಿಗೆಗೆ ಕರ್ಕೊಂಡು ಬಂದಿದೀಯ. ತೀರಾ ದೊಡ್ಡವಾದ್ರೆ?"

"ಅಯಸ್ಕಾಂತ ತೆಗೆದ್ರೂ ಗಂಟುಗಂಟಾಗಿ ಅಂಟ್ಕೊಂಡೇ ಇರ್ತವೆ."

"ನಿನ್ನ ಸೋದರಮಾವಂದಿರ ಹಾಗೆ."

ಹಿರಿಯರು ನಕ್ಕರು, ಆಮೇಲೆ ಗಂಭೀರರಾದರು. ಈಗ ಬರುವ ಮಾತು ಎಲ್ಲರಿಗೂ ಗೊತ್ತಿತ್ತು. ಫ್ರೇಮಾ ತಲೆ ತಗ್ಗಿಸಿದಳು. ಬಿರಾಗೊ ಆ ಕಪ್ಪು ಲೋಟದತ್ತ ಕೈ ತೋರಿದಳು.

"ನೀರು ಕುಡಿದ್ಯೇನೇ?"

"ಇಲ್ಲ ದೊಡ್ಡಮ್ಮ."

"ಹಂಗಾದ್ರೆ ನೀನಿನ್ನೂ ಬಂದೇ ಇಲ್ಲ. ನಾವು ಏನೂ ಕೇಳಿಲ್ಲ, ಬೇಡ ಅಂತಾನೂ ಅಂದಿಲ್ಲ."

ಅವಳು ಕಾಣಿಸಲೇ ಇಲ್ಲವೆಂಬಂತೆ ಎಲ್ಲರೂ ಒಟ್ಟಿಗೆ ಅಂಗಳದ ಮಾವಿನ ಮರದ ಕಡೆ ಮುಖ ತಿರುಗಿಸಿದರು. ಬಾರದೇ ಇದ್ದವಳು ಸಾಮಾನು ಕಟ್ಟಿಕೊಂಡು ಹೊರಟಳು. ಡುವಾ ಮಾತ್ರ ಮರೆತು ಹುಷಾರಾಗಿ ಹೋಗಮ್ಮ ಎಂದುಬಿಟ್ಟ; ಪಕ್ಕದವನು ಮೊಣಕೈಯಿಂದ ತಿವಿದ.

ಮಳೆಗಾಲ ಶುರುವಾಗುವ ಹೊತ್ತಿಗೆ ಅವಳು ತುಸು ದೊಡ್ಡ ಕಣಗಳ ಪುಡಿಯೊಂದಿಗೆ ಬಂದಳು. ಕಪ್ಪೆಲ್ಲ ಲೋಟದ ಒಂದು ಮಗ್ಗುಲಿಗೆ ಸರಿದು ತಿಳಿನೀರು ಕಂಡಿತು. ಅದನ್ನು ಬಸಿದು ಗಟಗಟ ಕುಡಿದಳು. ನಿನ್ನ ಮುಖ ನೋಡಿ ಎಷ್ಟು ಕಾಲವಾಯಿತು ಎಂದು ಡುವಾ ಈ ಸಲ ತಪ್ಪದೆ ಹೇಳಿದ. ಬಿರಾಗೊ ಬಂದ ಕಾರಣ ಕೇಳಿದಳು; ಫ್ರೇಮಾ ಹೇಳಿದಳು. ಪೀಪಾಯಿ ಇಡುವುದಕ್ಕೆ ಯಾರದೂ ತಕರಾರಿರಲಿಲ್ಲ. ಬಾವಿಯ ಯಾವ ಬದಿಗೆ ಎಂಬುದರ ಮೇಲೆ ಮಾತ್ರ ಸಂಜೆಯವರೆಗೆ ಜಗಳವಾಡಿದರು.